ಬಾಯಿಲ್ಲದ ಸೆಟ್ಟರ್

ವರದಿಯ ಕೊನೆಯ ಕಾಲಂನಲ್ಲಿ ನಾನು ಬರೆದದ್ದು ಎರಡೇ ಮಾತು: "ಕೈಯಿದೆ. ಬಾಯಿಲ್ಲ." ಬರೆದು, ಪೆನ್ನಿಗೆ ಕ್ಯಾಪ್ ಹಾಕಿ, ದೊಡ್ಡದೊಂದು ಕೆಲಸ ಮುಗಿಸಿದವಳ ಗತ್ತಿನಲ್ಲಿ ಒಂದು ಲೋಟ ಕಾಫಿ ಕುಡಿದೆ. ಆ ಕಾಫಿ ನೆನಪಾದಾಗಲೆಲ್ಲ ನನಗೆ ಈಗಲೂ ನಾಚಿಕೆಯಾಗುತ್ತದೆ.

ವೃತ್ತಿಪರ ವಾಲಿಬಾಲ್ ತಂಡವೊಂದಕ್ಕೆ ಹೊಸ ಆಟಗಾರರನ್ನು ಅಳೆದು ಹೇಳುವುದು ನನ್ನ ಕೆಲಸ. ನಾನಿರುವುದು ಕೆ.ಆರ್. ನಗರದಲ್ಲಿ, ಶಿಬಿರ ನಡೆಯುವುದು ಮೈಸೂರಿನಲ್ಲಿ. ಒಂದು ಕಾಲದಲ್ಲಿ ನಾನೂ ಸೆಟ್ಟರ್ ಆಗಿದ್ದೆ. ಆದ್ದರಿಂದ ಸೆಟ್ಟರ್‌ಗಳ ವಿಚಾರ ಬಂದರೆ ತರಬೇತುದಾರರು ಕಡತವನ್ನು ನೇರ ನನ್ನ ಕಡೆಗೆ ತಳ್ಳಿಬಿಡುತ್ತಾರೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ವಾಲಿಬಾಲ್‌ನಲ್ಲಿ ಚೆಂಡನ್ನು ಬಲೆಯಾಚೆ ಕಳಿಸಲು ಒಂದು ತಂಡಕ್ಕೆ ಸಿಗುವುದು ಮೂರು ಟಚ್. ಮೊದಲನೆಯವನು ಚೆಂಡನ್ನು ತಡೆದು ಎತ್ತುತ್ತಾನೆ, ಮೂರನೆಯವನು ಹಾರಿ ಹೊಡೆಯುತ್ತಾನೆ. ಚಪ್ಪಾಳೆಯೆಲ್ಲ ಮೂರನೆಯವನಿಗೆ. ನಡುವಿನ ಎರಡನೇ ಟಚ್ ಸೆಟ್ಟರ್‌ನದು. ಎಡಮೂಲೆಯವನಿಗೆ ಕೊಡಬೇಕೋ, ನಡುವಿನವನಿಗೋ, ಹಿಂದಿನಿಂದ ಓಡಿಬರುವವನಿಗೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವವನು ಅವನು. ಹೊಡೆಯುವವರು ಎಷ್ಟೇ ದೊಡ್ಡವರಾಗಿರಲಿ, ಅಂಕಣದೊಳಗೆ ಅವರೆಲ್ಲ ಅವನ ಮಾತು ಕೇಳಬೇಕು.

ನಾನು ಹೇಳುತ್ತಿರುವ ಹುಡುಗ ಪಿರಿಯಾಪಟ್ಟಣ ತಾಲ್ಲೂಕಿನವನು, ಹಾರನಹಳ್ಳಿಯ ಕಡೆಯವನು. ವಯಸ್ಸು ಇಪ್ಪತ್ತೊಂದು. ತಂಡಕ್ಕೆ ಸೇರಿ ಅದು ಮೊದಲ ವರ್ಷ. ಒಪ್ಪಂದವೂ ಒಂದೇ ವರ್ಷದ್ದು. ಶಿಬಿರ ಮುಗಿಯುವುದರೊಳಗೆ ಅವನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಹೇಳುವುದು ನನಗೆ ವಹಿಸಿದ್ದ ಕೆಲಸ. ಅವನ ಜಾಗಕ್ಕೆ ಬೇರೆ ಊರಿನ ಚುರುಕಾದ ಸೆಟ್ಟರ್ ಒಬ್ಬ ಅದೇ ಶಿಬಿರದಲ್ಲಿ ಕಾಯುತ್ತಿದ್ದ. ಮೊದಲ ವರ್ಷದಲ್ಲೇ ಬಿಟ್ಟುಕೊಟ್ಟ ಸೆಟ್ಟರ್‌ನನ್ನು ಇನ್ನೊಂದು ತಂಡ ಕರೆಯುವುದು ಬಹಳ ಅಪರೂಪ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ವಾರ ಅವನ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಅಭ್ಯಾಸ ನೋಡುವುದು, ಮಧ್ಯಾಹ್ನ ಅದರದೇ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುವುದು. ನನ್ನದು ಹಳೇ ಕಾಲದ ಉದ್ದ ನೋಟ್‌ಬುಕ್ಕು. ಪ್ರತಿ ಚೆಂಡಿಗೂ ಒಂದು ಸಾಲು. ಮೊದಲ ಟಚ್ ಚೆನ್ನಾಗಿ ಬಂತೋ ಕೆಟ್ಟಿತೋ, ಇವನು ಯಾರಿಗೆ ಕೊಟ್ಟ, ಬಲೆಯ ಆಚೆ ಎಷ್ಟು ಕೈಗಳು ತಡೆಯಲು ಎದ್ದವು. ತಂಡದ ಹುಡುಗರು ಅದಕ್ಕೆ "ಚಿತ್ರಗುಪ್ತನ ಪುಸ್ತಕ" ಎಂದು ಹೆಸರಿಟ್ಟಿದ್ದರು. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದರು, ಪಾಪ.

ಮೊದಲ ಟಚ್ ಸರಿಯಾಗಿ ಬಂದ ದಿನ ಅವನ ಆಟ ನೋಡಲು ಎರಡು ಕಣ್ಣು ಸಾಲದು. ಬೆರಳಿಗೆ ಚೆಂಡು ತಗುಲಿದ ಸದ್ದೇ ಬರುತ್ತಿರಲಿಲ್ಲ. ಎದುರಿನವರು ಎಡಕ್ಕೆ ಓಡುವಂತೆ ಮಾಡಿ ಬಲಕ್ಕೆ ಕೊಡುತ್ತಿದ್ದ. ಕೇರಳದಿಂದ ಬಂದ ನಮ್ಮ ತರಬೇತುದಾರರು ನನ್ನ ಪಕ್ಕ ಬಗ್ಗಿ, "ಮೇಡಂ, ಈ ಕೈ ಕಲಿಸಿದ್ರೆ ಬರೋದಲ್ಲ, ಹುಟ್ಟುವಾಗಲೇ ಬಂದದ್ದು" ಎಂದರು.

ಆದರೆ ಮೊದಲ ಟಚ್ ಕೆಟ್ಟು ಚೆಂಡು ಎಲ್ಲೋ ಹಾರಿದಾಗ ಕಥೆಯೇ ಬೇರೆ. ಆಗ ಮೊದಲೇ ಬೆರಳಲ್ಲಿ ತೋರಿಸಿದ ಸನ್ನೆ ಕೆಲಸಕ್ಕೆ ಬರುವುದಿಲ್ಲ, ಬಾಯಲ್ಲೇ ಕೂಗಿ ಹೇಳಬೇಕು. ಇವನು ಓಡುತ್ತಿದ್ದ, ಚೆಂಡಿನ ಕೆಳಗೆ ಸರಿಯಾಗಿ ಬರುತ್ತಿದ್ದ, ಆದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎಡಮೂಲೆಯಲ್ಲಿ ನಮ್ಮ ನಾಯಕ ಇದ್ದರು. ತಂಡದಲ್ಲೇ ಹಿರಿಯರು, ಗಂಟಲೂ ಹಿರಿದು. ಅವರು "ನಂಗೆ! ನಂಗೆ!" ಎಂದು ಅಬ್ಬರಿಸುತ್ತಿದ್ದರು, ಇವನು ಚೆಂಡನ್ನು ಅವರಿಗೇ ಒಪ್ಪಿಸುತ್ತಿದ್ದ. ಎರಡು ದಿನದಲ್ಲಿ ಎದುರಿನವರಿಗೆ ಇದು ಗೊತ್ತಾಗಿ, ನಾಯಕರ ಎದುರು ಮೂರು ಮೂರು ಜೋಡಿ ಕೈ ಗೋಡೆ ಕಟ್ಟಿ ನಿಲ್ಲತೊಡಗಿದವು. ನಡುವಿನವನೂ ಹಿಂದಿನವನೂ ಖಾಲಿ ಕೈಯಲ್ಲಿ ಹಾರಿ ಹಾರಿ ಇಳಿಯುತ್ತಿದ್ದರು.

ಕರೆದು ಕೇಳಿದೆ. "ಯಾಕಪ್ಪ, ನಡುವಿನವನ ಎದುರು ಯಾರೂ ಇಲ್ಲದ್ದು ಕಾಣಲಿಲ್ವಾ?"

"ಕಾಣ್ತು ಮೇಡಂ."

"ಮತ್ತೆ?"

ನೆಲ ನೋಡಿದ. "ಸರಿ ಮಾಡ್ಕತೀನಿ ಮೇಡಂ" ಎಂದ. ಮಾಡಿಕೊಳ್ಳಲಿಲ್ಲ.

ನನ್ನ ತಲೆಯಲ್ಲಿ ಚಿತ್ರ ಸಿದ್ಧವಾಗಿತ್ತು. ಒತ್ತಡ ಬಂದರೆ ತೀರ್ಮಾನ ಕೈಬಿಡುವವನು, ಯಾರು ಜೋರಾಗಿ ಕೂಗುತ್ತಾರೋ ಅವರ ಪಾಲಾಗುವವನು. ಇಂಥವನು ಒಳ್ಳೆಯ ಹುಡುಗನಾಗಬಹುದು, ಸೆಟ್ಟರ್ ಆಗುವುದಿಲ್ಲ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡಬೇಕು. ಶಿಬಿರದ ಮೊದಲ ದಿನವೇ ನಾನೊಂದು ನಿಯಮ ತಂದಿದ್ದೆ, ಅದರ ಬಗ್ಗೆ ನನಗೆ ಬಹಳ ಹೆಮ್ಮೆಯೂ ಇತ್ತು. ನಮ್ಮ ಕಡೆಯ ಹುಡುಗರು ಅಂಕಣದಲ್ಲಿ ಬಾಯಿ ತೆರೆದರೆ "ಅಣ್ಣಾ" ಅನ್ನುತ್ತಾರೆ. ಒಬ್ಬ ಅಣ್ಣನನ್ನು ಕೂಗಿದರೆ ಮೂವರು ಅಣ್ಣಂದಿರು ತಿರುಗುತ್ತಾರೆ, ಚೆಂಡು ನಡುವೆ ಬಿದ್ದು ನಗುತ್ತದೆ. ಅದಕ್ಕೇ ಹೇಳಿದ್ದೆ: "ಗೆರೆಯೊಳಗೆ ಅಣ್ಣ ಇಲ್ಲ, ತಮ್ಮ ಇಲ್ಲ. ಹೆಸರು ಹಿಡಿದು ಕೂಗಿ. ಅಣ್ಣ ಅಂದವರಿಗೆ ಹತ್ತು ದಂಡ." ದಂಡ ಅಂದರೆ ನೆಲಕ್ಕೆ ಕೈಯೂರಿ ಹೊಡೆಯುವ ದಂಡ. ಮೊದಲ ವಾರ ಎಲ್ಲರೂ ಬೇಕಾದಷ್ಟು ಹೊಡೆದರು. ಆಮೇಲೆ ಸರಿಹೋಯಿತು ಎಂದುಕೊಂಡೆ.

ಶುಕ್ರವಾರ ವರದಿ ಕೊಟ್ಟೆ. ಸೋಮವಾರ ಸಭೆ ಎಂದು ಮ್ಯಾನೇಜರ್ ಹೇಳಿದರು.

ನನಗೊಂದು ವ್ರತವಿದೆ. ಯಾರನ್ನು ಬಿಡಬೇಕೆಂದು ಬರೆಯುತ್ತೇನೋ ಅವರಿಗೆ ಅದನ್ನು ಮೊದಲು ನಾನೇ ಎದುರು ಕೂತು ಹೇಳಬೇಕು. ನನ್ನನ್ನು ತಂಡದಿಂದ ಬಿಟ್ಟದ್ದು ನನಗೆ ತಿಳಿದದ್ದು ನೋಟಿಸ್ ಬೋರ್ಡಿನಿಂದ, ಅದೂ ಪಕ್ಕದಲ್ಲಿ ನಿಂತು ಓದುತ್ತಿದ್ದ ಇನ್ನೊಬ್ಬಳ ಬಾಯಿಂದ. ಆ ಉರಿ ಇನ್ನೊಬ್ಬರಿಗೆ ಬೇಡ. ಹುಡುಗನನ್ನು ಹುಡುಕಿದರೆ ಅವನು ಎರಡು ದಿನ ರಜೆ ಕೇಳಿ ಊರಿಗೆ ಹೋಗಿದ್ದ. ಮನೆಯಲ್ಲಿ ಹೊಗೆಸೊಪ್ಪಿನ ಕೆಲಸವಂತೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಹುಣಸೂರಿನಲ್ಲಿ ಇಳಿದು ಇನ್ನೊಂದು ಬಸ್ಸು, ಪಿರಿಯಾಪಟ್ಟಣದಲ್ಲಿ ಮತ್ತೊಂದು, ಕೊನೆಗೆ ಒಂದು ಆಟೊ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮೆತ್ತಗೆ ಮಾಡುತ್ತಾ ಹೋದೆ.

ಮನೆಯ ಪಕ್ಕದಲ್ಲೇ ಬ್ಯಾರನ್. ಹೊಗೆಸೊಪ್ಪು ಹದ ಮಾಡುವ ಆ ಎತ್ತರದ, ಕಿಟಕಿಯಿಲ್ಲದ ಮನೆಯನ್ನು ಬಸ್ಸಿನ ಕಿಟಕಿಯಿಂದ ನೂರು ಸಲ ಕಂಡಿದ್ದೇನೆ, ಬಾಗಿಲ ತನಕ ಹೋದದ್ದು ಅದೇ ಮೊದಲು. ಹೊರಗೆ ಚಪ್ಪರದ ನೆರಳಲ್ಲಿ ಐದಾರು ಹೆಂಗಸರು ಹಸಿ ಸೊಪ್ಪನ್ನು ದಾರದಲ್ಲಿ ಉದ್ದನೆಯ ಕೋಲುಗಳಿಗೆ ಕಟ್ಟುತ್ತಿದ್ದರು. ಅವರ ಬೆರಳೆಲ್ಲ ಅಂಟಿನಿಂದ ಕಪ್ಪಾಗಿತ್ತು. ನಡುವೆ ಕೂತಿದ್ದ ವಯಸ್ಸಾದವರು ಹುಡುಗನ ದೊಡ್ಡಮ್ಮ.

"ಓ, ವಾಲಿಬಾಲ್ ಮೇಡಮ್ಮಾರಾ? ಬನ್ನಿ, ಕುಂತ್ಕಳಿ. ಅವ್ನು ಒಳ್ಗವ್ನೆ. ಸೊಪ್ಪು ಏರ್ಸದು ಮುಗ್ಯಗಂಟ ಈಚ್ಗೆ ಬರಕಾಗಕಿಲ್ಲ ಕಣವ್ವ."

"ಪರವಾಗಿಲ್ಲಮ್ಮ, ಕಾಯ್ತೀನಿ" ಎಂದು ಬ್ಯಾರನ್ನಿನ ಬಾಗಿಲಿಗೆ ಒರಗಿ ನಿಂತೆ.

ಒಳಗೆ ಮಬ್ಬು. ಕೆಳಗಿನಿಂದ ಮಾಡಿನವರೆಗೆ ಅಟ್ಟ ಅಟ್ಟವಾಗಿ ತೊಲೆಗಳು. ಗಂಡಸರು ಆ ತೊಲೆಗಳ ಮೇಲೆ ಒಂದೊಂದು ಕಡೆ ಒಂದೊಂದು ಕಾಲಿಟ್ಟು ನಿಂತಿದ್ದರು. ಕೆಳಗೆ ನೆಲದ ಮೇಲೆ ನಮ್ಮ ಹುಡುಗ. ಸೊಪ್ಪು ಕಟ್ಟಿದ ಕೋಲುಗಳನ್ನು ಒಂದೊಂದಾಗಿ ತಲೆಯ ಮೇಲಕ್ಕೆ ಎತ್ತಿಕೊಡುತ್ತಿದ್ದ. ಆ ಎರಡು ಕೈ, ಆ ಮಣಿಕಟ್ಟು. ಮೂರು ವಾರದಿಂದ ನೋಟ್‌ಬುಕ್ಕಿನಲ್ಲಿ ಬರೆದದ್ದೇ ಅಲ್ಲಿತ್ತು. ಆದರೆ ನನ್ನನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿದ್ದು ಆ ಕೈಯಲ್ಲ, ಬಾಯಿ.

"ಗ್ವಾಡೆಯಣ್ಣ, ತಕ್ಕ! ಬಾಗ್ಲಣ್ಣ, ನೀನು ಸುಮ್ಕಿರು, ನಿನ್ ಕಡೆ ಒತ್ತಾಗದೆ! ಮೂಲೆ ಮಾವ, ಕೈ ಕೊಡು, ಇನ್ನೊಂದ್ ಗೇಣು ಅತ್ಲಾಗೆ ಸರ್ಸು!"

ಮೇಲಿನ ಅಟ್ಟದಲ್ಲಿ ಅವನ ಚಿಕ್ಕಪ್ಪ ಇದ್ದರು. ಬಿಳಿ ಮೀಸೆಯ ಆಸಾಮಿ, ಒಂದೇ ಸಮನೆ ಅಬ್ಬರ. "ಕೊಡ್ಲಾ ನಂಗೆ! ಏಟೊತ್ಲಾ ಕಾಯದು?"

"ಇರು ಚಿಕ್ಕಪ್ಪ, ನಿಂಗೀಗ ಇಲ್ಲ. ಅಲ್ಲಿ ತುಂಬೋಗದೆ, ಬಿಸಿ ಆಡಕಿಲ್ಲ. ಬಾಗ್ಲಣ್ಣ, ಈಗ ನೀನು!"

ಚಿಕ್ಕಪ್ಪ ಗೊಣಗಿದರು, ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಪಕ್ಕದಲ್ಲಿ ಕೋಲು ತಂದಿಟ್ಟ ದೊಡ್ಡಮ್ಮನನ್ನು ಕೇಳಿದೆ. "ಎಲ್ಲರೂ ಇವನ ಮಾತು ಕೇಳ್ತಾರಲ್ಲಮ್ಮ?"

"ಕೇಳ್ದೆ ಏನ್ ಮಾಡಾರು? ಎಲ್ಲಿ ಒತ್ತಾಯ್ತು, ಎಲ್ಲಿ ತೆಳುವಾಯ್ತು ಅಂತ ಕೆಳ್ಗಡೆ ಇರೋನ್ಗೆ ತಾನೆ ಕಾಣದು? ಒಂದ್ ಕಡೆ ಒತ್ತಾದ್ರೆ ಸೊಪ್ಪೆಲ್ಲ ಕರ್ರಗಾಯ್ತದೆ. ಅವರಪ್ಪ ಇದ್ದಾಗ ಅವ್ನೇ ಕೊಡ್ತಿದ್ದ. ಈಗ ಇವ್ನು."

ನಾನು ಇನ್ನೇನೋ ಕೇಳಲು ಒಳಕ್ಕೆ ಒಂದು ಹೆಜ್ಜೆ ಇಟ್ಟೆ. "ಅಕ್ಕಾ! ಎಡಕ್ಕೆ!" ಎಂದು ಕೂಗು ಬಂತು. ನನ್ನ ತಲೆಗೆ ಅರ್ಥವಾಗುವ ಮೊದಲೇ ಮೈ ಎಡಕ್ಕೆ ಜಿಗಿದಿತ್ತು. ನಾನು ನಿಂತಿದ್ದ ಜಾಗದಲ್ಲಿ ಮೇಲಿನಿಂದ ಜಾರಿದ ಕೋಲೊಂದು ಸೊಪ್ಪಿನ ಭಾರದೊಂದಿಗೆ ದೊಪ್ಪೆಂದು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಹುಡುಗ ಆಗಲೇ ಮುಂದಿನ ಕೋಲು ಎತ್ತಿಕೊಂಡು ಮೂಲೆ ಮಾವನನ್ನು ಕೂಗುತ್ತಿದ್ದ. ಕೂಗಿದ್ದು ನನ್ನನ್ನು, ಶಿಬಿರದ ಮೇಡಮ್ಮನನ್ನು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಒಬ್ಬ ಸೆಟ್ಟರ್‌ನ ಕೂಗಿಗೆ ನನ್ನ ಮೈ ಹಾಗೆ ಒಪ್ಪಿ ಓಡಿ ಎಷ್ಟೋ ವರ್ಷಗಳಾಗಿದ್ದವು. ಒಳಗೊಳಗೇ ಖುಷಿಯಾಯಿತು.

ಕೆಲಸ ಮುಗಿದ ಮೇಲೆ ಅವನು ಕೈ ತೊಳೆದು ಬಂದು ನನ್ನ ಎದುರು ನಿಂತ. ಮತ್ತೆ ಅದೇ ನೆಲ ನೋಡುವ ಕಣ್ಣು.

"ಒಳಗೆ ಅಷ್ಟು ಕೂಗ್ತೀಯಲ್ಲ, ಅಲ್ಲಿ ಯಾಕೆ ಬಾಯಿ ಬಿಡಲ್ಲ?"

ಅವನು ದೊಡ್ಡಮ್ಮನ ಮುಖ ನೋಡಿದ. "ಅಲ್ಲಿ ಹೆಸ್ರಿಡಿದು ಕೂಗ್ಬೇಕಲ್ಲ ಮೇಡಂ."

"ಕೂಗಪ್ಪ, ಅದಕ್ಕೇನು?"

"ಅಲ್ಲಿರೋರೆಲ್ಲ ನಂಗಿಂತ ದೊಡ್ಡೋರು, ಕ್ಯಾಪ್ಟನ್ನಂತೂ ನಮ್ಮಣ್ಣನ್ಗಿಂತ ದೊಡ್ಡೋರು. ಹೆಸ್ರು ನಾಲ್ಗೆ ಮೇಲ್ಗಂಟ ಬತ್ತದೆ ಮೇಡಂ. ಆಮ್ಯಾಕೆ ಬರಕಿಲ್ಲ. ಅಷ್ಟೊತ್ಗೆ ಚೆಂಡು ಕೈಗೆ ಬಂದೋಗಿರ್ತದೆ. ಆಗ ಯಾರು ಕೇಳ್ತಾರೋ ಅವ್ರಿಗೆ ಕೊಟ್ಬುಡ್ತೀನಿ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ರೂಲು ನಿಮ್ದಲ್ವ ಮೇಡಂ" ಎಂದ.

ದೊಡ್ಡಮ್ಮ ಕೈಯಲ್ಲಿದ್ದ ದಾರ ಬಿಟ್ಟು ನನ್ನನ್ನೇ ನೋಡಿದರು. "ಅಣ್ಣ ಅನ್ಬ್ಯಾಡ ಅಂದ್ರಾ? ಅಯ್ಯೋ, ಇದ್ಯಾವ ಸೀಮೆ ಆಟವ್ವ! ದೊಡ್ಡೋರ್ನ ಹೆಸ್ರಿಡಿದು ಕರ್ದಿದ್ರೆ ಚಿಕ್ಕೋನಾಗಿದ್ದಾಗ ನಾನೇ ಬಾಯ್ಮೇಲೆ ಬುಡ್ತಿದ್ದೆ."

ಅವರ ಜೊತೆ ಉಳಿದ ಹೆಂಗಸರೂ ನಕ್ಕರು. ನನಗೂ ನಗು ಬಂತು, ಹಿಂದೆಯೇ ಮುಖ ಬಿಸಿಯಾಯಿತು. ಬಾಯಿಲ್ಲ ಎಂದು ಬರೆದವಳು ನಾನು. ಆ ಬಾಯಿಗೆ ಬೀಗ ಹಾಕಿದವಳೂ ನಾನೇ. ಮೂರು ವಾರ ಪ್ರತಿ ಚೆಂಡಿಗೂ ಒಂದು ಸಾಲು ಬರೆದ ನನ್ನ ಚಿತ್ರಗುಪ್ತನ ಪುಸ್ತಕದಲ್ಲಿ ಇದಕ್ಕೆ ಒಂದು ಕಾಲಂ ಇರಲಿಲ್ಲ. ಹೇಳಲು ಬಂದ ಮಾತನ್ನು ಹೇಳದೆ, ಅವರು ಬಡಿಸಿದ ಮುದ್ದೆ, ಹುರುಳಿಕಾಳು ಸಾರು ಉಂಡು ಎದ್ದೆ. ಸೋಮವಾರ ಬೇಗ ಬಾ ಎಂದಷ್ಟೇ ಅವನಿಗೆ ಹೇಳಿದೆ. ಬಸ್ಸಿನಲ್ಲಿ ಕೂತಾಗ ಆ ದೊಡ್ಡಮ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಇಷ್ಟು ನೇರವಾಗಿ, ಇಷ್ಟು ಪ್ರೀತಿಯಿಂದ ನನ್ನನ್ನು ಯಾರಾದರೂ ತಿದ್ದಿ ಬಹಳ ಕಾಲವಾಗಿತ್ತು.

ಸೋಮವಾರ ಸಭೆ ಶುರುವಾಗುತ್ತಲೇ ವರದಿಯನ್ನು ವಾಪಸ್ ಕೇಳಿದೆ. ಮ್ಯಾನೇಜರ್ ಕನ್ನಡಕ ಕೆಳಗಿಳಿಸಿದರು.

"ಮೇಡಂ, ನೀವೇ ಬರ್ದು ಸೈನ್ ಹಾಕಿದೀರ. ಮೂರು ದಿನದಲ್ಲಿ ಹುಡುಗ ಬದಲಾಗಿಬಿಟ್ನಾ?"

"ಹುಡುಗ ಬದಲಾಗಿಲ್ಲ ಸಾರ್. ನಾನು ನೋಡಿದ್ದು ತಪ್ಪು. ನನ್ನ ನಿಯಮವೇ ಅವನ ಬಾಯಿ ಕಟ್ಟಿಹಾಕಿತ್ತು."

ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನಂಥ ಕೆಲಸದವರಿಗೆ ಸುಲಭವಲ್ಲ. ಒಂದು ಸಲ ಮಾತು ತಿರುಗಿಸಿದರೆ ಮುಂದಿನ ವರದಿಯನ್ನು ಯಾರೂ ನಂಬುವುದಿಲ್ಲ. ಮ್ಯಾನೇಜರ್ ಮುಖದಲ್ಲಿ ಆ ಅನುಮಾನ ಚೆನ್ನಾಗಿಯೇ ಕಾಣುತ್ತಿತ್ತು. ನನ್ನನ್ನು ಉಳಿಸಿದವರು ತರಬೇತುದಾರರು. "ಮಧ್ಯಾಹ್ನ ಒಂದು ಮ್ಯಾಚ್ ಆಡಿಸೋಣ. ಈ ಕಡೆ ಇವನು, ಆ ಕಡೆ ಕಾಯ್ತಾ ಇರುವ ಸೆಟ್ಟರ್. ಮೇಡಂ ರೂಲು ಇವತ್ತಿಗೆ ರಜೆ" ಎಂದರು. ಅವರು ಬೇಕೆಂದರೆ ನನ್ನ ತಪ್ಪನ್ನು ತಪ್ಪು ಎಂದು ಎತ್ತಿ ತೋರಿಸಬಹುದಿತ್ತು. ತೋರಿಸಲಿಲ್ಲ.

ಮೊದಲ ಸೆಟ್ ನನ್ನ ಮಾನ ಕಳೆಯಿತು. ಹುಡುಗ ಬಾಯಿ ಬಿಟ್ಟ, ನಿಜ. "ಅಣ್ಣಾ!" ಎಂದ. ನಾಯಕರೂ ಹಾರಿದರು, ಹಿಂದಿನವನೂ ಹಾರಿದ, ಇಬ್ಬರೂ ಡಿಕ್ಕಿ ಹೊಡೆದುಕೊಂಡರು. ಇನ್ನೊಮ್ಮೆ "ಅಣ್ಣಾ" ಅಂದಾಗ ಯಾರೂ ಹಾರಲಿಲ್ಲ. ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ಕು ನೋಡಿದೆ. ನನ್ನ ನಿಯಮ ಸುಮ್ಮನೆ ಹುಟ್ಟಿರಲಿಲ್ಲವಲ್ಲ.

ವಿರಾಮದಲ್ಲಿ ನಾಯಕರಿಗೆ ಸಿಟ್ಟು ನೆತ್ತಿಗೇರಿತ್ತು. "ಯಾವ ಅಣ್ಣ ಅಂತ ಹೇಳೋ ಮಾರಾಯ!" ಎಂದರು.

ನಾನು ಏಳಬೇಕೆಂದುಕೊಂಡೆ, ಬ್ಯಾರನ್ನಿನಲ್ಲಿ ಕೇಳಿದ್ದನ್ನು ಅವನ ಕಿವಿಯಲ್ಲಿ ಹೇಳಬೇಕೆಂದುಕೊಂಡೆ. ಆದರೆ ನಾನು ಹೇಳಿಕೊಟ್ಟರೆ ಅದು ನನ್ನ ತೀರ್ಮಾನ, ಅವನದಲ್ಲ. ಅಳೆಯಲು ಬಂದವಳು ತಕ್ಕಡಿಗೆ ಕೈ ಹಾಕಬಾರದು. ತುಟಿ ಕಚ್ಚಿ ಕೂತೆ. ಆ ಎರಡು ನಿಮಿಷ ನನಗೆ ಎರಡು ಗಂಟೆಯಾಯಿತು.

ಹುಡುಗ ನೀರಿನ ಬಾಟಲಿ ಕೆಳಗಿಟ್ಟು ನಾಯಕರ ಎದುರು ನಿಂತ. "ನೀವು ಮೂಲೆಯಣ್ಣ" ಎಂದ. ಹಿಂದಿನಿಂದ ಬಂದು ಹೊಡೆಯುವವನ ಕಡೆ ತಿರುಗಿ "ನೀವು ಹಿಂದಣ್ಣ" ಎಂದ. ನಡುವಿನಲ್ಲಿ ಆಡುವವನು ಕೇರಳದವನು, ಅವನನ್ನು ನೋಡಿ ಒಂದು ಕ್ಷಣ ಯೋಚಿಸಿ "ನೀವು ಚೇಟ" ಎಂದ. ಮಲಯಾಳದಲ್ಲಿ ಅಣ್ಣ ಎನ್ನಿಸಿಕೊಂಡ ನಡುವಿನವನಿಗೆ ಅಮ್ಮ ಕರೆದಷ್ಟು ಸಂತೋಷವಾಯಿತು. ನಾಯಕರು, "ಇಷ್ಟು ವರ್ಷ ಆಡಿ ಕೊನೆಗೆ ಮೂಲೆ ಸೇರಿದೆನಲ್ಲಪ್ಪ" ಎಂದರು. ತಂಡವೆಲ್ಲ ನಕ್ಕಿತು. ಶಿಬಿರದಲ್ಲಿ ಆ ಹುಡುಗನ ಮಾತಿಗೆ ಯಾರಾದರೂ ನಕ್ಕದ್ದು ಅದೇ ಮೊದಲು.

ಎರಡನೇ ಸೆಟ್‌ನಲ್ಲಿ ಅವನ ಧ್ವನಿ ಹಾಲ್ ತುಂಬ ಕೇಳಿಸಿತು. "ಚೇಟಾ! ಹಿಂದಣ್ಣ, ಬನ್ನಿ! ಮೂಲೆಯಣ್ಣ, ನಿಮ್ಗೆ!" ಮೊದಲ ಟಚ್ ಕೆಟ್ಟಾಗಲೂ ಚೆಂಡು ಬರಿದಾದ ಜಾಗ ಹುಡುಕಿಕೊಂಡು ಹೋಗುತ್ತಿತ್ತು. ನಾನು ಬರೆಯುವುದನ್ನು ಮರೆತೆ. ಆ ಸೆಟ್ ನಮ್ಮ ಹುಡುಗನದಾಯಿತು.

ಮೂರನೇ ಸೆಟ್‌ನ ಕೊನೆಗೆ ಒಂದು ಚೆಂಡು ಬಂತು, ಅದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಮೊದಲ ಟಚ್ ಹಾರಿ ಬೆಂಚಿನ ಹತ್ತಿರಕ್ಕೇ ಬಂದಿತ್ತು. ಹುಡುಗ ಅದರ ಹಿಂದೆ ಓಡಿ ಬಂದ. ಎಡಮೂಲೆಯಿಂದ ನಾಯಕರು ಎಂದಿನಂತೆ "ನಂಗೆ! ನಂಗೆ!" ಎಂದು ಅಬ್ಬರಿಸಿದರು. ಎದುರಿನ ಮೂರು ಜೋಡಿ ಕೈ ಅವರ ಕಡೆಗೆ ಓಡಿದವು. "ಇರಣ್ಣ!" ಎಂದ ಹುಡುಗ. ಬೆನ್ನ ಹಿಂದಕ್ಕೆ ಚೆಂಡನ್ನು ಎತ್ತುತ್ತಾ, "ಹಿಂದಣ್ಣ!" ಎಂದು ಕೂಗಿದ. ಹಿಂದಿನವನ ಎದುರು ಒಂದು ಕೈಯೂ ಇರಲಿಲ್ಲ.

ಆ ಪಾಯಿಂಟ್ ಬಂತು, ಪಂದ್ಯ ಬರಲಿಲ್ಲ. ಮುಂದಿನ ಎರಡು ಚೆಂಡು ಆ ಕಡೆಯವರ ಪಾಲಾದವು. ಎದುರಿನ ಸೆಟ್ಟರ್ ಅಂದು ನಿಜಕ್ಕೂ ಚೆನ್ನಾಗಿ ಆಡಿದ, ಅವನಿಗೆ ಸಲ್ಲಬೇಕಾದ್ದು ಸಲ್ಲಲಿ. ನಮ್ಮ ಹುಡುಗ ಸೋತ ಮುಖ ಹಾಕಿಕೊಂಡು ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ.

ನಾಯಕರು ಬೆವರು ಒರೆಸಿಕೊಳ್ಳುತ್ತಾ ನೇರ ಮ್ಯಾನೇಜರ್ ಹತ್ತಿರ ಬಂದರು. ತಮಗೆ ಚೆಂಡು ಕೊಡದವನ ಬಗ್ಗೆ ಹೊಡೆಯುವವರು ಸಾಮಾನ್ಯವಾಗಿ ಒಳ್ಳೆಯ ಮಾತಾಡುವುದಿಲ್ಲ.

"ಸಾರ್, ನಾನು ಎಷ್ಟೋ ಸೆಟ್ಟರ್‌ಗಳ ಜೊತೆ ಆಡಿದೀನಿ. ನನ್ನನ್ನ 'ಇರು' ಅಂದವನು ಇವನೊಬ್ಬನೇ. ಅಂದದ್ದೂ ಸರಿಯಾಗಿತ್ತು. ಇಟ್ಕೊಳ್ಳಿ ಇವನ್ನ."

ಅಷ್ಟು ದೊಡ್ಡ ಆಟಗಾರ ಅಷ್ಟು ಸಣ್ಣ ಹುಡುಗನಿಗಾಗಿ ಆಡಿದ ಆ ನಾಲ್ಕು ಮಾತಿಗೆ ನಾನು ಎಂದಿಗೂ ಋಣಿ. ಮ್ಯಾನೇಜರ್ ನನ್ನ ಹಳೆಯ ವರದಿಯನ್ನು ಮಡಿಸಿ ನನ್ನ ಕೈಗಿಟ್ಟರು. "ಹೊಸದು ಬರೀರಿ ಮೇಡಂ" ಎಂದರು. ಎರಡು ವರ್ಷದ ಒಪ್ಪಂದ ಆ ವಾರವೇ ಆಯಿತು. ಎದುರಿನ ಸೆಟ್ಟರ್‌ನನ್ನೂ ಎರಡನೆಯವನಾಗಿ ಉಳಿಸಿಕೊಂಡರು.

ನನ್ನ ವ್ರತ ಬಾಕಿಯಿತ್ತು. ಒಪ್ಪಂದಕ್ಕೆ ಸಹಿ ಹಾಕಿದ ದಿನ ಹುಡುಗನನ್ನು ಕೂರಿಸಿ ಹಳೆಯ ವರದಿಯನ್ನು ಅವನ ಕೈಗೆ ಕೊಟ್ಟೆ. ಅವನ ಊರಿಗೆ ಬಂದಿದ್ದು ಯಾಕೆ ಎಂಬುದನ್ನೂ ಹೇಳಿದೆ. ಕೊನೆಯ ಕಾಲಂ ತನಕ ನಿಧಾನವಾಗಿ ಓದಿದ. ಕೋಪಿಸಿಕೊಳ್ಳಲಿ ಎಂದೇ ಕಾದಿದ್ದೆ.

"ನೀವು ಬರ್ದಿರದು ಸರಿಯಾಗೇ ಅದೆ ಅಕ್ಕ. ಆವತ್ತು ಬಾಯಿ ಇರ್ಲಿಲ್ಲ" ಎಂದು ಕಾಗದ ವಾಪಸ್ ಕೊಟ್ಟ.

ಅಕ್ಕ ಅಂದದ್ದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆ ವರದಿ ಈಗಲೂ ನನ್ನ ನೋಟ್‌ಬುಕ್ಕಿನ ಹಿಂದಿನ ರಟ್ಟಿನೊಳಗಿದೆ. ಹೊಸಬರನ್ನು ಅಳೆಯಲು ಕೂತಾಗ ಮೊದಲು ಅದನ್ನು ಒಮ್ಮೆ ತೆಗೆದು ನೋಡುತ್ತೇನೆ.

ಮೊನ್ನೆ ಅಭ್ಯಾಸದಲ್ಲಿ ಹೀಗಾಯಿತು. ಮೊದಲ ಟಚ್ ಕೆಟ್ಟು ಚೆಂಡು ಹಾರಿತು. ಬಲಗಡೆ ಜಾಗ ಬರಿದಾಗಿರುವುದು ನನಗೆ ಬೆಂಚಿನಿಂದಲೇ ಕಂಡಿತು. ಹಳೇ ಸೆಟ್ಟರ್ ರಕ್ತ, ತಡೆಯಲಾಗದೆ ಎದ್ದು ನಿಂತು "ಬಲಕ್ಕೆ ಕೊಡೋ, ಬಲಕ್ಕೆ!" ಎಂದು ಕೂಗಿದೆ. ಅವನು ಚೆಂಡಿನ ಕೆಳಗೆ ಓಡುತ್ತಲೇ, ನನ್ನ ಕಡೆ ತಿರುಗದೆ, "ಇರಿ ಅಕ್ಕ!" ಎಂದ. ಚೆಂಡನ್ನು ಎಡಕ್ಕೆ ಎತ್ತಿದ.

ನಾನು ಕೂತುಕೊಂಡೆ.